ಕೊಪ್ಪರಿಗೆಯ ನಂಬರು

ಕಲಂ ಒಂದು: ಸಂಘದ ಕಚೇರಿ ಎಲ್ಲಿ?
ಪ್ರೊಸೇಸಾ ಅಬಾಯೋನಳ ಅಡುಗೆಮನೆ, ದೋಣಿಕಟ್ಟೆಯ ಹಿಂದೆ,
ಸಮಾರ್ ದ್ವೀಪದ ಮೂಡಲ ಅಂಚು.
ಫಲಕ ಇದೆಯೇ? ಇದೆ.
ನಿನ್ನೆ ರಾತ್ರಿ ಬರೆದದ್ದು, ಬಣ್ಣ ಇನ್ನೂ ಹಸಿ.
ಒಣಮೀನು ಹೆಂಗಸರ ಹೆಸರು ಉದ್ದ, ಹಲಗೆ ಗಿಡ್ಡ;
ಕೊನೆಯಕ್ಷರ ಕೆಳಗಿಳಿದು ಕೂತಿದೆ
ಬೆಂಚು ಸಾಲದ ಸಭೆಗೆ ತಡವಾಗಿ ಬಂದವಳ ಹಾಗೆ.

ದೋಣಿಯಲ್ಲಿ ಎರಡು ತಾಸು ಬಂದಿದ್ದೆ.
ಕಡತಕ್ಕೆ ಪ್ಲಾಸ್ಟಿಕ್ಕು, ನನಗೆ ಏನಿಲ್ಲ.
ಸರ್ಕಾರದ ಕಾಗದ ನೆನೆಯಬಾರದು,
ಸರ್ಕಾರದ ಮನುಷ್ಯ ಒಣಗಿಕೊಳ್ಳುತ್ತಾನೆ.

ನೋಂದಣಿ ಪತ್ರ?
ಬಿರುಗಾಳಿ ಒಯ್ದಿತು, ಎಂದಳು ಪ್ರೊಸೇಸಾ,
ನಾದಿನಿ ಒಯ್ದಳು ಎನ್ನುವಷ್ಟು ಸಲೀಸಾಗಿ.
ಮೂರು ವರ್ಷದ ಲೆಕ್ಕ, ಆಡಿಟರ ರುಜು ಸಮೇತ?
ಅವನ ಫೀಜೆಂದರೆ ನಮ್ಮ ಆರು ತಿಂಗಳ ಮೀನು.
ಅಧ್ಯಕ್ಷೆಯ ಆಯ್ಕೆಯ ನಡಾವಳಿ?
ಎಲ್ಲರೂ ನಕ್ಕರು.
"ಯಾರಿಗೂ ಬೇಡವಾಗಿತ್ತು. ಅವತ್ತು ಇವಳೊಬ್ಬಳು
ಬಂದಿರಲಿಲ್ಲ. ಇವಳನ್ನೇ ಮಾಡಿದೆವು."
ಸರ್ವಾನುಮತ, ಎಂದು ಬರೆದೆ.

ಮಾಡು: ತಗಡು.
ಗೋಡೆ: ಬಿದಿರುತಟ್ಟಿ, ಒಂದು ಮಗ್ಗುಲು
ಯಾವುದೋ ನೆರವು ಸಂಸ್ಥೆಯ ನೀಲಿ ಟಾರ್ಪಾಲು.
ಆ ಸಂಸ್ಥೆ ಈಗಿಲ್ಲ, ಟಾರ್ಪಾಲು ಇದೆ.
ಜಂತೆ: ಏಳು, ತೆಂಗಿನವು.
ನಮೂನೆ ಜಂತೆಯನ್ನು ಕೇಳುವುದಿಲ್ಲ;
ಹೆಂಗಸರ ಕಣ್ಣು ತಪ್ಪಿಸಲು ಮೇಲೆ ನೋಡಿದೆ,
ಎಣಿಕೆ ತಾನೇ ಆಯಿತು.

ಕಲಂ ಹದಿನೆಂಟು:
ಈ ಮೊದಲು ಸರ್ಕಾರದೊಡನೆ ವ್ಯವಹಾರ ಉಂಟೇ?
ಇಲ್ಲ, ಎಂದು ಅವಳೇ ಬರೆದಿದ್ದಳು,
ಪೆನ್ಸಿಲಿನಲ್ಲಿ, ತಪ್ಪಾದರೆ ಅಳಿಸಲು ಬರಲೆಂದು.

ಆಗ ಖಜಾಂಚಿ ಇಲುಮಿನಾ,
ಕಿವಿ ಮಂದ, ಅಂಕಿ ಚುರುಕು,
ಉಪ್ಪಿನ ಡಬ್ಬಿಯಿಂದ ಮಡಚಿದ ಕ್ಯಾಲೆಂಡರು ಹಾಳೆ ತೆಗೆದು
ನನ್ನ ಮುಂದೆ ಬಿಚ್ಚಿದಳು, ಬೆನ್ನು ಮೇಲಾಗಿ.
ಗಾಳಿಯ ಮರುದಿನದಿಂದ ಲೆಕ್ಕ.
ಅಕ್ಕಿ, ಸಾಲದ್ದು, ಇಪ್ಪತ್ತಾರು ಸೇರು.
ಶಾಲೆಯಲ್ಲಿ ಮಲಗಿದವರು, ನೂರಾ ಹನ್ನೊಂದು.
ಬಾಣಂತಿಯರು ಇಬ್ಬರು, ಶುಂಠಿ ಸಾರು.
ಹೆಣ ಹುಡುಕುವವರು ಒಂಬತ್ತು, ಬರೀ ಕಾಫಿ,
ಊಟ ಒಲ್ಲೆಂದರು.
ಮುನಿಸಿಪಾಲಿಟಿಯವರು, ಹದಿನಾಲ್ಕು ತಟ್ಟೆ, ಮೂರು ದಿನ.
ಅದರ ಕೆಳಗೆ, ಒತ್ತಿ ಬರೆದ ಅಕ್ಷರದಲ್ಲಿ:
ದೊಡ್ಡ ಕೊಪ್ಪರಿಗೆ, ಒಂದು. ಅವರೇ ಒಯ್ದರು. ವಾಪಸು ಬಂದಿಲ್ಲ.

ಹದಿನಾಲ್ಕರಲ್ಲಿ ನಾನು ಎಷ್ಟನೆಯವನು?
ಕತ್ತಲಿತ್ತು; ಯಾರೋ ಕೈಗಿಟ್ಟರು, ತಿಂದೆ.
ಬಿಸಿ ನೆನಪಿದೆ, ಮುಖ ಇಲ್ಲ.
ಉಂಡ ಮನೆಯಲ್ಲೇ ಕೂತು
ಈಗಷ್ಟೇ ಜಂತೆ ಎಣಿಸಿದ್ದೆ.

ಆ ಕೊಪ್ಪರಿಗೆಯನ್ನು ಬಲ್ಲೆ.
ನಮ್ಮ ಉಗ್ರಾಣದ ಮೂಲೆಯಲ್ಲಿ, ಹೊಟ್ಟೆಯೊಳಗೆ
ಹಳೇ ಬ್ಯಾನರು, ತಂತಿಸುರುಳಿ, ಒಂಟಿ ಬೂಟು.
ಮೈಮೇಲೆ ಬಿಳಿ ಬಣ್ಣದಲ್ಲಿ ದಾಸ್ತಾನು ನಂಬರು.
ವರ್ಷಕ್ಕೊಮ್ಮೆ ಬಂದು ಟಿಕ್ಕು ಹಾಕುತ್ತಾರೆ: ಸುಸ್ಥಿತಿ.
ಮಸಿ ಹಿಡಿದ ಅದರ ತಳಕ್ಕೆ
ಮಾನ್ಯತೆ ಸಿಕ್ಕಿ ಆರು ವರ್ಷ;
ಅದರಲ್ಲಿ ಬೇಯಿಸಿದವರ ಅರ್ಜಿ
ನನ್ನ ತೊಡೆಯ ಮೇಲೆ.

"ಈ ಸರ್ಟಿಫಿಕೇಟು ಸಿಕ್ಕರೆ ಏನಾಗುತ್ತದೆ?" ಕೇಳಿದಳು ಪ್ರೊಸೇಸಾ.
ನೀವು ನಮ್ಮ ಪಾಲುದಾರರು, ಎಂದೆ,
ಕಷ್ಟ ಬಂದಾಗ ಜೊತೆಯಾಗಿ ಕೆಲಸ.
"ಜೊತೆಯಾಗಿ ಸರಿ. ಅಡುಗೆ ಯಾರು?"
ಅದಕ್ಕೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ನೀರು ಇಳಿಯುತ್ತಿದೆ ಎಂದು ದೋಣಿಯವ ಕೂಗಿದ.
ಅಳಿಸಲು ರಬ್ಬರು ಯಾರ ಬಳಿಯೂ ಇಲ್ಲ.
ಇಲುಮಿನಾ ಬೆಳಗಿನ ಬನ್ನು ಮುರಿದು ಕೊಟ್ಟಳು.
ಉಜ್ಜಿದೆ. ಇಲ್ಲ ಎಂಬುದು ಹೋಯಿತು,
ಜಾಗ ಬೂದಿಬಣ್ಣಕ್ಕೆ ಉಳಿಯಿತು.
ಅದರ ಮೇಲೇ ಪೆನ್ನಿನಲ್ಲಿ ಬರೆದೆ:
ಉಂಟು. ಬಾಕಿ, ಕೊಪ್ಪರಿಗೆ ಒಂದು.
ಯಾರು ಯಾರಿಗೆ ಬಾಕಿ ಎಂಬ ಕಲಂ ಇರಲಿಲ್ಲ,
ಅಂಚಿನಲ್ಲಿ ತುರುಕಿದೆ.

ಕಡತ ಈಗ ಒಣಮೀನು ನಾರುತ್ತದೆ.
ಮೇಲಿನವರು ಮೂಗು ಮುಚ್ಚಿಕೊಳ್ಳಲಿ.
ಆದರೆ ನಂಬರು ಬಿದ್ದ ಸಾಮಾನು ಉಗ್ರಾಣ ದಾಟಲು
ಬೇರೆಯದೇ ನಮೂನೆ, ಮೂರು ರುಜು.
ಒಂದು ನನ್ನದು.